ಚಂದ್ರಮಣಿ ಎಂಬ ಹಡಗು

ಮಧ್ಯಾಹ್ನ ಮೂರಾಗುತ್ತಲೇ ಸೋಮಸುಂದರಂ ಮಗ್ಗದ ಗುಂಡಿಯಿಂದ ಕಾಲು ಮೇಲೆತ್ತಿ, ಪಂಚೆಗೆ ಅಂಟಿದ ನೂಲಿನ ಚೂರುಗಳನ್ನು ಕೊಡವಿ, ಗೋಡೆಯ ಗೂಡಿನಲ್ಲಿದ್ದ ಕನ್ನಡಕ ತೆಗೆದುಕೊಳ್ಳುತ್ತಿದ್ದರು. ಮಗ್ಗದ ಮನೆಯಲ್ಲಿದ್ದ ಉಳಿದ ಏಳು ಮಗ್ಗಗಳ ಸದ್ದು ಅಷ್ಟಕ್ಕೇ ತಗ್ಗುತ್ತಿತ್ತು. ಯಾರಾದರೊಬ್ಬರು ಎದ್ದು ಬಂದು ಅವರ ಗುಂಡಿಗೆ ಇಳಿಯುತ್ತಿದ್ದರು. ಸೋಮಸುಂದರಂ ಒಂದು ಗಂಟೆ ಪತ್ರಿಕೆ ಓದಬೇಕು, ಆ ಒಂದು ಗಂಟೆ ಅವರ ಸೀರೆಯನ್ನು ಬೇರೆಯವರು ನೇಯ್ದುಕೊಡಬೇಕು. ಇದು ಆ ಬೀದಿಯ ಏರ್ಪಾಡು. ಕಣ್ಣು ಪಳಗಿದವರು ಅವರ ಸೀರೆಯನ್ನು ಬಿಸಿಲಿಗೆ ಹಿಡಿದರೆ ಗೇಣಿಗೊಮ್ಮೆ ಕೈ ಬದಲಾಗಿದ್ದು ಕಾಣುತ್ತಿತ್ತು. ಇಲ್ಲಿ ಏಟು ಗಟ್ಟಿ, ಇಲ್ಲಿ ಸಡಿಲ.

“ನಿನ್ನ ಸೀರೆ ಉಟ್ಟೋಳು ನಮ್ಮ ಬೀದೀನೇ ಉಟ್ಟಂಗೆ ಮಾವ,” ಎಂದು ಲಿಂಗಸಾಮಿ ಗೇಲಿ ಮಾಡುತ್ತಿದ್ದ. ಪಕ್ಕದ ಮಗ್ಗದವನು, ಬಾಯಿ ಸುಮ್ಮನಿರದವನು.

ಉಡುಮಲೈಪೇಟೆಯಿಂದ ಅಮರಾವತಿ ಅಣೆಕಟ್ಟಿನ ಕಡೆಗೆ ಹೋಗುವ ದಾರಿಯಲ್ಲಿ, ತೆಂಗಿನ ತೋಟಗಳನ್ನು ದಾಟಿದರೆ ಆ ಬೀದಿ. ಅಲ್ಲಿಯ ನೇಕಾರರು ಎಷ್ಟು ತಲೆಮಾರಿನ ಹಿಂದೆ ಬಂದು ನೆಲೆಸಿದರೋ ಅವರಿಗೇ ಗೊತ್ತಿಲ್ಲ. ಶಾಲೆ, ಸಂತೆ, ಬಸ್ಸು ಎಲ್ಲವೂ ತಮಿಳು. ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಆ ಕನ್ನಡಕ್ಕೂ ಅಕ್ಷರಗಳಿವೆ ಎಂದು ಕೇಳಿದ್ದರು, ಕಂಡವರಿರಲಿಲ್ಲ. ತಮಿಳು ಅಕ್ಷರವೂ ಹೆಂಗಸರಲ್ಲಿ ಹೆಚ್ಚಿನವರಿಗೆ ಬರುತ್ತಿರಲಿಲ್ಲ. ಸೋಮಸುಂದರಂ ಹಾಳೆಯ ಮೇಲಿನ ತಮಿಳನ್ನು ಕಣ್ಣಿನಿಂದ ಎತ್ತಿಕೊಂಡು ಬಾಯಿಂದ ಮನೆಯ ಕನ್ನಡವಾಗಿ ಇಳಿಸುತ್ತಿದ್ದರು. ದಿಲ್ಲಿಯ ಮಂತ್ರಿಗಳೂ ಬಂಗಾಳದ ನೆರೆಯೂ ಆ ಮಗ್ಗದ ಮನೆಯೊಳಗೆ ಬರುವಾಗ ಅಜ್ಜಿಯರ ಮಾತಿನಲ್ಲೇ ಬರುತ್ತಿದ್ದವು. ಅವರು ಓದಿದ್ದು ಲೋಕದಲ್ಲಿ ನಡೆದದ್ದು. ಅವರು ಓದದೆ ಬಿಟ್ಟದ್ದನ್ನು ಕೇಳುವವರಿರಲಿಲ್ಲ.

ಅವರ ಒಬ್ಬಳೇ ಮಗಳು ಶಿವಗಾಮಿ. 1984ರಲ್ಲಿ ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ಮತ್ತು ಸಂವಹನದ ಎಂ.ಎ.ಗೆ ಅರ್ಜಿ ಹಾಕಿದಳು. ಸಂದರ್ಶನದಲ್ಲಿ ಪ್ರೊಫೆಸರ್ ಜಯರಾಮನ್ ಕೇಳಿದರು, “ನೇಯುವ ಮನೆಯ ಹುಡುಗಿ ನೀನು. ಈ ವಿಷಯವೇ ಏಕೆ?” ಅವರು ಹದಿನೈದು ವರ್ಷ ಪತ್ರಿಕೆಯೊಂದರ ಸುದ್ದಿಮೇಜಿನಲ್ಲಿ ಕುಳಿತು ಬಂದವರು. ಪ್ರಶ್ನೆಯನ್ನೂ ಚಿಕ್ಕದು ಮಾಡಿ ಕೇಳುವ ಅಭ್ಯಾಸ.

“ನನಗೆ ನೆನಪಿರುವ ಮೊದಲ ಸುದ್ದಿ ಒಂದು ಹಡಗಿನದು ಸಾರ್,” ಎಂದಳು ಶಿವಗಾಮಿ. “ಒಂದು ಸುದ್ದಿ ಬಂದ ದಿನ ಒಬ್ಬಳು ತಾಯಿ ಮತ್ತೆ ಊಟ ಮಾಡಿದ್ದನ್ನು ನಾನು ಕಂಡಿದ್ದೇನೆ. ಅಂಥದ್ದನ್ನು ನಾನೂ ಬರೆಯಬೇಕು.”

ಅವಳಿಗೆ ಸೀಟು ಸಿಕ್ಕಿತು.

ಆ ಸುದ್ದಿ ಬಂದಾಗ ಶಿವಗಾಮಿಗೆ ಹತ್ತು ವರ್ಷ. ಎದುರು ಮನೆಯ ಕಮಲಾತಾಳ್, ಗಂಡ ಸತ್ತವಳು, ಮಗ್ಗದ ಮನೆಯಲ್ಲಿ ರಾಟೆಯ ಮುಂದೆ ಕುಳಿತು ಎಲ್ಲರ ಲಾಳಿಗಳಿಗೂ ಕಂಡಿಕೆ ಸುತ್ತಿಕೊಡುತ್ತಿದ್ದವಳು. ಅವಳಿಗಿದ್ದವನು ಒಬ್ಬ ಮಗ, ದೇವರಾಜನ್. ಮನೆಯ ಮಗ್ಗದಲ್ಲೇ ನೇಯುತ್ತಿದ್ದ. ಇಪ್ಪತ್ತು ತುಂಬಿದ ವರ್ಷ, “ಸೊಂಟದ ತನಕ ಮಣ್ಣಲ್ಲಿ ಹೂತುಕೊಂಡು ಎಷ್ಟು ದಿನ ಇರಲಿ?” ಎಂದವನೇ ಅರ್ಧ ನೇಯ್ದ ಸೀರೆಯನ್ನು ಹಾಗೇ ಬಿಟ್ಟು, ಕೊಯಮತ್ತೂರಿನ ಆಚೆ ಕುರಿಚಿಯ ಎರಕದ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಹೋದ. ಎರಡು ಕಾರ್ಡು ಬಂದವು. ಎರಡನ್ನೂ ಸೋಮಸುಂದರಂ ಪತ್ರಿಕೆಯ ಜೊತೆಗೆ ಓದಿ ಹೇಳಿದರು. ಆಮೇಲೆ ನಾಲ್ಕು ತಿಂಗಳು ಏನೂ ಇಲ್ಲ. ಕಮಲಾತಾಳ್ ತಟ್ಟೆಯ ಮುಂದೆ ಕುಳಿತು ಏಳುವಳೇ ಹೊರತು ತಿನ್ನುವುದು ಕಡಿಮೆಯಾಗಿತ್ತು.

ಅದು 1973ರ ಆಡಿ, ಅಂದರೆ ಆಷಾಢದ ತಿಂಗಳು. ಆ ಕಡೆ ಆಡಿಯಲ್ಲಿ ಬೀಸುವ ಗಾಳಿಗೆ ತೆಂಗಿನ ಗರಿಗಳು ದಿನವಿಡೀ ಒಂದೇ ದಿಕ್ಕಿಗೆ ಮಲಗಿರುತ್ತವೆ. ಪತ್ರಿಕೆಯ ಮೂಲೆಗಳಿಗೆ ಕಲ್ಲು ಹೇರಿ ಸೋಮಸುಂದರಂ ಓದುತ್ತಿದ್ದರು. ಶಿವಗಾಮಿ ಕಮಲಾತಾಳ್ ಪಕ್ಕದಲ್ಲಿ ನೂಲು ಹಿಡಿದು ಕುಳಿತಿದ್ದಳು.

“ಪೋತನೂರಲ್ಲಿ ಇಪ್ಪತ್ತು ವಯಸ್ಸಿನ ಹುಡುಗ ಒಬ್ಬ…” ಎಂದರು ಅವರು.

ರಾಟೆ ನಿಂತಿತು. ಪೋತನೂರೆಂದರೆ ಕುರಿಚಿಯ ರೈಲು ನಿಲ್ದಾಣ. ಅಷ್ಟರಲ್ಲಿ ಗಾಳಿ ನುಗ್ಗಿ ಹಾಳೆ ಎದ್ದಿತು. ಅವರು ಅದನ್ನು ಎರಡು ಕೈಯಲ್ಲಿ ಒತ್ತಿ ಹಿಡಿದರು, ಕೆಮ್ಮಿದರು. ಸುತ್ತ ಒಮ್ಮೆ ನೋಡಿದರು. ಆಮೇಲೆ ಓದಿದರು.

“ಒಬ್ಬ ಅಲ್ಲ, ಹದಿನೆಂಟು ಹುಡುಗರು. ಕುರಿಚಿ ಕಾರ್ಖಾನೇಲಿ ಇದ್ದೋರು. ಪೋತನೂರಲ್ಲಿ ರೈಲು ಹತ್ತಿ ಕೊಚ್ಚಿಗೆ ಹೋಗಿ, ಕಪ್ಪಲಲ್ಲಿ ಕೆಲಸಕ್ಕೆ ಸೇರ್ಕೊಂಡವರೆ.” ಹಡಗನ್ನು ಆ ಬೀದಿಯವರು ತಮಿಳಿನ ಕಪ್ಪಲು ಎಂದೇ ಕರೆಯುತ್ತಿದ್ದರು. “ಕಪ್ಪಲ ಹೆಸರು… ಚಂದ್ರಮಣಿ.”

“ಹುಡುಗರ ಹೆಸರು ಹಾಕವರಾ ಮಾವ?” ಎಂದ ಲಿಂಗಸಾಮಿ.

“ಇಲ್ಲ. ಹದಿನೆಂಟು ಮಂದಿ ಅಂತ ಅಷ್ಟೇ.”

ಕಮಲಾತಾಳ್ ಎದ್ದು ನಿಂತಳು. “ಅದಕ್ಕೇ ಕಾಗದ ಇಲ್ಲ!” ಎಂದಳು. “ಸಮುದ್ರದ ನಡುವೆ ಅಂಚೆ ಡಬ್ಬ ಯಾರು ನೆಟ್ಟವರೆ? ಪಾಪಿ ಮಗ, ಗುಂಡಿ ಬೇಡ ಅಂತ ನೀರಿಗೇ ಹೋದನಲ್ಲ!” ನಗುತ್ತಲೇ ಮನೆಗೆ ಓಡಿ ಬೆಲ್ಲ ತಂದು ಎಂಟು ಮಗ್ಗಗಳವರ ಬಾಯಿಗೂ ಹಾಕಿದಳು. ಸೋಮಸುಂದರಂ ಬಾಯಿಗೂ ಹಾಕಿದಳು. ಆ ಸಂಜೆ ಅವಳು ಎರಡು ಸಲ ಬಡಿಸಿಕೊಂಡು ತಿಂದದ್ದನ್ನು ಶಿವಗಾಮಿ ಬಾಗಿಲಲ್ಲಿ ನಿಂತು ನೋಡಿದಳು.

ಅಲ್ಲಿಂದ ದಿನಾ ಮೂರು ಗಂಟೆಗೆ ಅವಳ ಪ್ರಶ್ನೆ ಒಂದೇ. “ಇವತ್ತು ಕಪ್ಪಲು ಇದೆಯಾ ತಮ್ಮಾ?”

“ಇಲ್ಲಕ್ಕಾ.”

ವರ್ಷಕ್ಕೆ ಒಂದೆರಡು ಸಲ ಇರುತ್ತಿತ್ತು. ಚಂದ್ರಮಣಿ ಏಡನ್‌ನಲ್ಲಿ ನಿಂತಿತು. ಚಂದ್ರಮಣಿ ಸಿಂಗಪುರಕ್ಕೆ ಗೋಧಿ ಹೊತ್ತು ಹೋಯಿತು. ಶಿವಗಾಮಿ ಶಾಲೆಯ ಭೂಪಟದಲ್ಲಿ ಅದರ ದಾರಿಯನ್ನು ಸೀಸದಕಡ್ಡಿಯಿಂದ ಗುರುತು ಮಾಡುತ್ತಿದ್ದಳು. ಕಮಲಾತಾಳ್ ಮನೆಯ ಮಗ್ಗದಲ್ಲಿ ಅರ್ಧ ಸೀರೆ ಹಾಗೇ ಇತ್ತು, ಪಚ್ಚೆ ಒಡಲು, ಅರಿಶಿನದ ಅಂಚು. ನೇಯುವವನು ಬದುಕಿರುವಾಗ ಅವನ ಹಾಸನ್ನು, ಮಗ್ಗಕ್ಕೆ ಬಿಗಿದ ಉದ್ದದ ಎಳೆಗಳನ್ನು, ಇನ್ನೊಬ್ಬರ ಕೈ ಕತ್ತರಿಸಬಾರದು ಎನ್ನುವುದು ಅವರಲ್ಲಿ ಕಟ್ಟುನಿಟ್ಟು. ವಾರಕ್ಕೊಮ್ಮೆ ಅವಳು ಧೂಳು ಹೊಡೆದು ಹಳೆಯ ಪಂಚೆಯೊಂದನ್ನು ಹೊದಿಸುತ್ತಿದ್ದಳು. ಒಳಗೆ ಯಾರೋ ಮಲಗಿದ್ದಂತೆ ಅದು ಕಾಣುತ್ತಿತ್ತು. ಶಿವಗಾಮಿ ಆ ಕೋಣೆಗೆ ಒಬ್ಬಳೇ ಹೋಗುತ್ತಿರಲಿಲ್ಲ.

ಎಂ.ಎ. ಮೊದಲ ವರ್ಷದಲ್ಲಿ ಒಂದು ದಿನ ಜಯರಾಮನ್ ಪೊಲೀಸ್ ಠಾಣೆಯ ಒಂದು ಪುಟದ ವರದಿ ಕೊಟ್ಟು, “ನಾಲ್ಕು ಸಾಲು ಮಾಡಿ,” ಎಂದರು. ಬಾವಿಯಲ್ಲಿ ಸಿಕ್ಕಿದ ಗುರುತಿಲ್ಲದ ಹೆಂಗಸಿನ ಶವದ ವರದಿ. ಎಲ್ಲರಿಗಿಂತ ಮೊದಲು ಮುಗಿಸಿದವಳು ಶಿವಗಾಮಿ. ಅವರು ಅವಳ ನಾಲ್ಕು ಸಾಲನ್ನು ಓದಿ, ಕೆಂಪು ಪೆನ್ನಿನಿಂದ ಕೆಳಗೆ ಒಂದು ಸಾಲು ಸೇರಿಸಿದರು. ಎಡ ಮೊಣಕೈ ಮೇಲೆ ಸುಟ್ಟ ಗಾಯದ ಕಲೆ.

“ಇದನ್ನು ಯಾಕೆ ತೆಗೆದೆ?”

“ಸುದ್ದಿಗೆ ಅದು ಬೇಕಿಲ್ಲ ಅನ್ನಿಸಿತು ಸಾರ್.”

“ಆ ಸಾಲಿಗೆ ಒಬ್ಬನೇ ಓದುಗ ಇರಬಹುದು. ಅವನೊಬ್ಬನಿಗಾಗಿ ಅಷ್ಟು ಪ್ರತಿಯೂ ಅಚ್ಚಾಗಿದೆ ಅಂದುಕೋ. ಬೇರೆ ಏನು ಬೇಕಾದರೂ ಕತ್ತರಿಸು, ಗುರುತನ್ನು ಮಾತ್ರ ಕತ್ತರಿಸಬೇಡ.”

ಅವಳು ಅದನ್ನು ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಳು.

ಎರಡನೆಯ ವರ್ಷದ ಪ್ರಬಂಧಕ್ಕೆ ಅವಳು ಆರಿಸಿಕೊಂಡದ್ದು ತನ್ನ ಬೀದಿಯನ್ನೇ. ಪತ್ರಿಕೆಯನ್ನು ಕಿವಿಯಿಂದ ಓದುವವರಿಗೆ ಏನು ನೆನಪುಳಿಯುತ್ತದೆ? ಒಬ್ಬೊಬ್ಬರನ್ನೂ ಕೇಳಬೇಕು, ಅವರು ಹೇಳಿದ ಸುದ್ದಿಯನ್ನು ಹಳೆಯ ಪತ್ರಿಕೆಗಳಲ್ಲಿ ಹುಡುಕಿ ತಾಳೆ ನೋಡಬೇಕು. ಜಯರಾಮನ್‌ಗೆ ವಿಷಯ ಹಿಡಿಸಿತು.

1986ರ ಪೊಂಗಲ್ ರಜೆಯಲ್ಲಿ ಅವಳು ಪುಸ್ತಕ ಹಿಡಿದು ಮಗ್ಗದಿಂದ ಮಗ್ಗಕ್ಕೆ ಹೋದಳು.

“ಏನಮ್ಮಾ ರಿಪೋರ್ಟರು, ನನ್ನ ಫೋಟೋ ಹಾಕ್ತೀಯಾ?” ಎಂದ ಲಿಂಗಸಾಮಿ. “ಹಾಕೋದಾದ್ರೆ ಹೇಳು, ನಾಳೆ ಕ್ಷೌರ ಮಾಡಿಸ್ಕೊಂಡು ಬರ್ತೀನಿ.”

“ನೆನಪಿರೋ ಸುದ್ದಿ ಹೇಳಿ ಮಾವ.”

“ಯುದ್ಧ. ಆಮೇಲೆ ಮೆಟ್ಟುಪಾಳ್ಯಂ ಕಡೆ ಆನೆ ಬಸ್ಸನ್ನ ತಳ್ಳಿದ್ದು. ಆಮೇಲೆ ಚಂದ್ರಮಣಿ. ಅದನ್ನ ಮರೆಯೋಕಾಗುತ್ತಾ? ಆವತ್ತು ಬೆಲ್ಲ ತಿಂದ ಹಲ್ಲು ಇನ್ನೂ ನೋಯ್ತದೆ.”

ಇಪ್ಪತ್ತಮೂರು ಮಂದಿಯಲ್ಲಿ ಹತ್ತೊಂಬತ್ತು ಮಂದಿ ಚಂದ್ರಮಣಿಯ ಹೆಸರು ಹೇಳಿದರು. ಯುದ್ಧವನ್ನು ಹೇಳಿದವರು ಹನ್ನೆರಡೇ ಮಂದಿ.

ಕೊನೆಗೆ ಕಮಲಾತಾಳ್ ಹತ್ತಿರ ಕುಳಿತಳು. ಅವಳು ಹಡಗಿನ ಮಾತು ಬಿಟ್ಟು ಮಗನ ಮಾತೇ ಆಡಿದಳು. ಬೀದಿಯ ಹಿರಿಯರಂತೆ ಅವಳೂ ಶಿವಗಾಮಿಯನ್ನು ಮುದ್ದಿಗೆ ‘ಕಣ್ಣು’ ಎನ್ನುತ್ತಿದ್ದಳು. “ಬಸ್ಸು ಹತ್ತೋ ಮುಂಚೆ ನಿಲ್ಲಿಸಿ ಕೈಗೆ ನೂಲು ಸುತ್ತಿದೆ ಕಣ್ಣು. ಅವನ ಸೀರೆ ಹಾಸಿನಲ್ಲಿ ಮಿಕ್ಕಿತ್ತಲ್ಲ, ಪಚ್ಚೆ ಒಂದೆಳೆ, ಅರಿಶಿನ ಒಂದೆಳೆ. ಬಲಗೈಗೆ ಏಳು ಸುತ್ತು, ಏಳು ಗಂಟು. ‘ಹೆಂಗಸರ ಬಳೆ ಥರಾ ಇದೆ ಬಿಡವ್ವಾ’ ಅಂತ ನಾಚ್ಕೊಂಡ. ಬಿಚ್ಚಬೇಡ ಅಂದೆ. ಬಿಚ್ಚಿರಲ್ಲ ಅವನು. ಬರ್ಕೊಂಡೆಯಾ?”

“ಬರ್ಕೊಂಡೆ ದೊಡ್ಡಮ್ಮ.” ಜನವರಿ ಹತ್ತೊಂಬತ್ತು. ಏಳು ಸುತ್ತು, ಏಳು ಗಂಟು.

ಫೆಬ್ರವರಿಯಲ್ಲಿ ಅವಳು ಕೊಯಮತ್ತೂರಿನ ಪತ್ರಿಕಾ ಕಚೇರಿಯೊಂದರ ಮೇಲಂತಸ್ತಿನಲ್ಲಿ ಹಳೆಯ ಸಂಪುಟಗಳ ಮುಂದೆ ಕುಳಿತಳು. ಆನೆ ಸಿಕ್ಕಿತು. ಯುದ್ಧ ಸಿಕ್ಕಿತು. 1973ರ ಸಂಪುಟವನ್ನು ಅವಳು ಕೊನೆಗೆಂದು ಇಟ್ಟುಕೊಂಡಿದ್ದಳು, ಮಕ್ಕಳು ಇಷ್ಟದ ತಿಂಡಿಯನ್ನು ಎಲೆಯ ಅಂಚಿನಲ್ಲಿ ಉಳಿಸಿಕೊಳ್ಳುವಂತೆ. ಆಡಿ ತಿಂಗಳ ಮೊದಲ ದಿನದಿಂದ ಶುರು ಮಾಡಿದಳು. ಅಪ್ಪ ಓದಿದ್ದ ಒಂದೊಂದೇ ಸುದ್ದಿ ಗುರುತು ಸಿಗುತ್ತ ಬಂತು. ಹಡಗು ಇರಲಿಲ್ಲ. ಇಡೀ ತಿಂಗಳು ತಿರುವಿದಳು. ಮುಂದಿನ ಆವಣಿ ತಿಂಗಳಿಗೂ ಹೋಗಿ ಬಂದಳು. ಮುಂದಿನ ವರ್ಷಗಳ ಸಂಪುಟಗಳಲ್ಲಿ ಹುಡುಕಿದರೂ ಏಡನ್ ಇಲ್ಲ, ಸಿಂಗಪುರವಿಲ್ಲ. ಮತ್ತೆ ಆ ಆಡಿಯ ಮೊದಲಿಂದ ನೋಡುವಾಗ ಬೆರಳು ‘ಪೋತನೂರು’ ಎಂಬ ಮಾತಿನ ಮೇಲೆ ನಿಂತಿತು. ಐದನೆಯ ಪುಟ, ಕೆಳಗಿನ ಮೂಲೆ, ನಾಲ್ಕು ಸಾಲು.

ಪೋತನೂರಿನ ಹತ್ತಿರ ರೈಲು ಹಳಿಯ ಬಳಿ ಸುಮಾರು ಇಪ್ಪತ್ತು ವಯಸ್ಸಿನ ಯುವಕನೊಬ್ಬನ ಶವ ಸಿಕ್ಕಿದೆ. ಗುರುತು ಹತ್ತಿಲ್ಲ. ನೀಲಿ ಅಂಗಿ. ಬಲ ಮಣಿಕಟ್ಟಿನಲ್ಲಿ ಪಚ್ಚೆ ಮತ್ತು ಅರಿಶಿನ ನೂಲು, ಏಳು ಸುತ್ತು.

ಕಿಟಕಿಯ ಹೊರಗೆ ಬಸ್ಸುಗಳು ಹಾರ್ನ್ ಮಾಡುತ್ತಿದ್ದವು. ಗುಮಾಸ್ತ ಬಂದು, “ಆಯ್ತೇನಮ್ಮಾ, ಮುಚ್ಚಲಾ?” ಎಂದಾಗ ಅವಳು ಆ ನಾಲ್ಕು ಸಾಲನ್ನು ಕಾಗದಕ್ಕೆ ನಕಲು ಮಾಡಿಕೊಳ್ಳುತ್ತಿದ್ದಳು.

ಅಲ್ಲಿಂದ ಮುಂದೆ ಹಾಸ್ಟೆಲಿನಲ್ಲಿ ಪತ್ರಿಕೆ ಬಿಡಿಸಿದರೆ ಅವಳ ಕಣ್ಣು ದೊಡ್ಡ ಅಕ್ಷರದ ಮೇಲೆ ನಿಲ್ಲದೆ ಕೆಳಗಿನ ಮೂಲೆಗಳಿಗೆ ಜಾರುತ್ತಿತ್ತು. ಅಲ್ಲಿ ದಿನಾ ಯಾರೋ ಒಬ್ಬರು ಇರುತ್ತಿದ್ದರು. ಕಪ್ಪು ಬೆಲ್ಟು. ಬಲಗಾಲಿಗೆ ಆರು ಬೆರಳು. ಪ್ರತಿ ಸಾಲೂ ತನ್ನ ಒಬ್ಬ ಓದುಗನಿಗಾಗಿ ಕಾಯುತ್ತಿತ್ತು. ಪೋತನೂರಿನ ಕಡೆ ಹೋಗುವ ರೈಲು ಕೂಗಿದರೆ ಅವಳ ಬಲಗೈ ತಾನಾಗಿ ಮಡಚಿಕೊಳ್ಳುತ್ತಿತ್ತು.

ಜಯರಾಮನ್‌ಗೆ ಎಲ್ಲ ಹೇಳಿದಳು. ಟಿಪ್ಪಣಿ ಪುಸ್ತಕವನ್ನೂ ತೋರಿಸಿದಳು. ಅವರು ಆ ಪುಟವನ್ನು ಎರಡು ಸಲ ಓದಿದರು.

“ಇದೇ ನಿನ್ನ ಪ್ರಬಂಧ,” ಎಂದರು. “ಉಳಿದದ್ದೆಲ್ಲ ಬರೀ ಕೋಷ್ಟಕ. ಓದುವವನೊಬ್ಬ ಅಚ್ಚಾಗದ ಸುದ್ದಿ ಓದಿದ, ಅಚ್ಚಾದದ್ದಕ್ಕಿಂತ ಅದೇ ಹೆಚ್ಚು ಕಾಲ ಉಳಿಯಿತು. ಬರಿ. ಆದರೆ ಒಂದು ಮಾತು. ಆ ತಾಯಿಗೆ ಗೊತ್ತಾಗುವುದಕ್ಕಿಂತ ಮೊದಲು ನಾನು ಅದನ್ನು ಓದಬಾರದು. ಮಾರ್ಚ್ ಕೊನೆಯವರೆಗೆ ಸಮಯವಿದೆ.”

ಊರಿಗೆ ಬಂದ ಮೊದಲ ಮಧ್ಯಾಹ್ನ ಅವಳು ಮಗ್ಗದ ಮನೆಯಲ್ಲಿ ಅಪ್ಪ ಓದಲು ಕೂರುವ ಜಾಗದಲ್ಲಿ ಕುಳಿತು ನೋಡಿದಳು. ಅಲ್ಲಿಂದ ತಲೆ ಎತ್ತಿದರೆ ನೇರ ಎದುರಿಗೆ ಕಮಲಾತಾಳ್ ಕಂಡಿಕೆಗಳ ಮರದ ಪೆಟ್ಟಿಗೆ. ಅದರ ಪಕ್ಕಕ್ಕೆ ಎಂದೋ ಅಂಟಿಸಿದ್ದ ನೂಲಿನ ಕಟ್ಟಿನ ಚೀಟಿ, ಮಾಸಿಹೋಗಿತ್ತು. ಹುಣ್ಣಿಮೆಯ ಚಂದ್ರನ ಕೆಳಗೆ ನಿಂತ ಹೆಂಗಸಿನ ಚಿತ್ರ. ಕೆಳಗೆ ತಮಿಳಿನಲ್ಲಿ ‘ಚಂದ್ರಮಣಿ, ಅರವತ್ತನೇ ನಂಬರು’. ಹದಿಮೂರು ವರ್ಷ ಅದು ಎಲ್ಲರ ಕಣ್ಣೆದುರಿಗಿತ್ತು. ಅಪ್ಪನ ಹೊರತು, ಓದಲು ಬಲ್ಲವರು ಯಾರೂ ಅದನ್ನು ಓದಿರಲಿಲ್ಲ.

ಮರುದಿನ ಬೆಳಿಗ್ಗೆ ಬೀದಿಯಲ್ಲಿ ಅವರ ಹಾಸಿನ ಎಳೆಗಳಿಗೆ ಗಂಜಿ ಹಾಕುವ ಸರದಿ. ಬೀದಿಯುದ್ದಕ್ಕೂ ಎಳೆಗಳನ್ನು ಬಿಗಿದು ಕಟ್ಟಿ, ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಂತು ಗಂಜಿ ಸವರಿದ ಕುಂಚವನ್ನು ಒಂದೇ ಓಟದಲ್ಲಿ ಎಳೆಯಬೇಕು. ಬಿಸಿಲೇರುವ ಮೊದಲು ಮುಗಿಯಬೇಕು, ನಡುವೆ ನಿಲ್ಲಿಸುವಂತಿಲ್ಲ. ಅಪ್ಪ ಎದ್ದು ಹೋಗಲಾಗದ ಜಾಗ ಅದೊಂದೇ ಎಂದು ಶಿವಗಾಮಿಗೆ ಗೊತ್ತಿತ್ತು.

“ಅಪ್ಪಾ, ಐದನೇ ಪುಟ ನೋಡ್ದೆ,” ಎಂದಳು ಎಳೆಗಳ ಈ ಕಡೆಯಿಂದ.

ಅವರ ಕುಂಚ ನಿಲ್ಲಲಿಲ್ಲ. ನಾಲ್ಕು ಹೆಜ್ಜೆ ಹೋದ ಮೇಲೆ, “ಮೂಲೇಲಿ ಇತ್ತು,” ಎಂದರು.

“ಗಾಳಿಗೆ ಹಾಳೆ ಎದ್ದಿತ್ತು.”

“ಗಾಳಿ ಏನೂ ಮಾಡಿಲ್ಲ ಕಣ್ಣು. ಒಬ್ಬ ಅಂತ ಬಾಯಿಗೆ ಬಂದುಬಿಟ್ಟಿತ್ತು. ಆಮೇಲೆ ನೂಲು ಕಣ್ಣಿಗೆ ಬಿತ್ತು. ತಲೆ ಎತ್ತಿದ್ರೆ ಅಕ್ಕ ನನ್ನ ಬಾಯನ್ನೇ ನೋಡ್ತಾವಳೆ. ಒಂದು ದಿನಕ್ಕೆ ಅಂತ ಅಂದ್ಕೊಂಡೆ. ನಾಳೆ ಹೇಳೋಣ ಅಂತ. ಅಷ್ಟರಲ್ಲಿ ಬೆಲ್ಲ ತಂದುಬಿಟ್ಟಳು.”

ಅವರು ಬೀದಿಯ ತುದಿ ಮುಟ್ಟಿ ತಿರುಗಿದರು.

“ಮಾರನೇ ದಿನ ಮೊದಲ ಬಸ್ಸಿಗೆ ಹೋದೆ. ಆಗ್ಲೇ ಹೂತುಬಿಟ್ಟಿದ್ರು. ಪೇಪರು ನಮಗೆ ಒಂದು ದಿನ ತಡ ತಾನೆ. ಪೊಲೀಸಿನವನು ಒಂದು ಪೊಟ್ಟಣ ಬಿಚ್ಚಿ ನೂಲು ತೋರಿಸ್ದ. ನಾನು ಎಣಿಸ್ದೆ. ‘ನಿಮ್ಮ ಹುಡುಗನಾ?’ ಅಂದ.” ಕುಂಚ ಎಳೆಗಳ ಮೇಲೆ ಉದ್ದಕ್ಕೂ ಹರಿಯಿತು. “ಅಲ್ಲ ಅಂದೆ.”

“ಅಪ್ಪಾ!”

“ಬೆಲ್ಲ ಇನ್ನೂ ನಾಲಿಗೇಲಿತ್ತು ಕಣ್ಣು. ಅಲ್ಲ ಅಂದೆ. ಬಸ್ಸು ಹತ್ತಿ ಬಂದು ಮೂರು ಗಂಟೆಗೆ ಪೇಪರು ಓದ್ದೆ. ಅವತ್ತಿಂದ ಬರೀ ನಾನೇ ಓದ್ತಿಲ್ಲ. ಪುಟ ತಿರುವಿದಾಗೆಲ್ಲ ಆ ಹುಡುಗ ಮೂಲೇಲಿ ನಿಂತ್ಕೊಂಡು, ಮಾವ, ನನ್ನದು ಯಾವಾಗ ಓದ್ತೀಯ ಅಂತಾನೆ.”

ಇಬ್ಬರೂ ಹಾಸು ಮುಗಿಸಿದರು. ಕೈ ತೊಳೆಯುವಾಗ ಅವರೇ ಕೇಳಿದರು, “ಬರೀಬೇಕಾ?”

“ಬರೆಯೋದು ಇರ್ಲಿ ಅಪ್ಪಾ. ಹೇಳಬೇಕು ತಾನೆ?”

“ಹೇಳಬೇಕು. ನನ್ನ ಬಾಯಲ್ಲಿ ಬರಲ್ಲ. ನೀನು ಓದು. ಹೇಗೆ ಅಚ್ಚಾಗಿತ್ತೋ ಹಾಗೆ.”

ಆ ಮಧ್ಯಾಹ್ನ ಮೂರು ಗಂಟೆಗೆ ಸೋಮಸುಂದರಂ ಎಂದಿನಂತೆ ಕನ್ನಡಕ ತೆಗೆದುಕೊಂಡರು, ಹಾಕಿಕೊಳ್ಳಲಿಲ್ಲ. ಮಗಳಿಗೆ ಜಾಗ ಬಿಟ್ಟು ಗೋಡೆಗೆ ಒರಗಿ ಕುಳಿತರು.

“ಓಹೋ, ರಿಪೋರ್ಟರಮ್ಮ ಓದ್ತಾಳಂತೆ!” ಎಂದ ಲಿಂಗಸಾಮಿ, ಸೋಮಸುಂದರಂ ಗುಂಡಿಗೆ ಇಳಿಯುತ್ತ. “ಇನ್ನು ಮಾವನ ಕೂಲಿ ಹೋಯ್ತು.”

ಕೆಲವರು ನಕ್ಕರು. ಕಮಲಾತಾಳ್ ರಾಟೆಯ ಮುಂದಿನಿಂದ ಕೇಳಿದಳು, “ಇವತ್ತು ಕಪ್ಪಲು ಇದೆಯಾ ಅಮ್ಮಣಿ?”

“ಇಲ್ಲ ದೊಡ್ಡಮ್ಮ. ಇದು ಹಳೇ ಪೇಪರು. ಕಪ್ಪಲ ಸುದ್ದಿ ಕೇಳಿದ ದಿನದ್ದು. ಆವತ್ತು ಅಪ್ಪ ಓದದೆ ಬಿಟ್ಟದ್ದು ಒಂದಿದೆ. ಕಪ್ಪಲು ಈ ಪೇಪರಲ್ಲಿ ಇಲ್ಲ. ಯಾವ ಪೇಪರಲ್ಲೂ ಇಲ್ಲ.”

ಮಗ್ಗಗಳೆಲ್ಲ ನಿಂತವು. ಶಿವಗಾಮಿ ಪತ್ರಿಕಾ ಕಚೇರಿಯಲ್ಲಿ ನಕಲು ಮಾಡಿಕೊಂಡಿದ್ದ ಕಾಗದ ಬಿಡಿಸಿ ಮನೆಯ ಕನ್ನಡದಲ್ಲಿ ಓದಿದಳು. ಹಳಿ. ಇಪ್ಪತ್ತು ವಯಸ್ಸು. ನೀಲಿ ಅಂಗಿ. ನೂಲಿನ ಬಣ್ಣ. ಏಳು ಸುತ್ತು. ಒಂದನ್ನೂ ಬಿಡಲಿಲ್ಲ.

ಕಮಲಾತಾಳ್ ರಾಟೆಯ ಹಿಡಿಯಿಂದ ಕೈ ತೆಗೆದಿರಲಿಲ್ಲ.

“ಇನ್ನೊಂದು ಸಲ ಓದು.”

ಶಿವಗಾಮಿ ಓದಿದಳು.

“ಏಳು ಸುತ್ತು ಅಂತ ಹಾಕವರಾ?”

“ಹೂಂ ದೊಡ್ಡಮ್ಮ.”

“ಹಂಗಾದ್ರೆ ನನ್ನ ಮಗ ಅಲ್ಲ,” ಎಂದಳು ಕಮಲಾತಾಳ್. “ನಾನು ಸುತ್ತಿದ್ದು ಒಂಬತ್ತು. ಒಂಬತ್ತು ಸುತ್ತು, ಒಂಬತ್ತು ಗಂಟು. ಇವನ ಅವ್ವ ಏಳೇ ಸುತ್ತವಳೆ, ಪಾಪ. ನೂಲು ಸಾಕಾಗಿರಲ್ಲ.”

ಟಿಪ್ಪಣಿ ಪುಸ್ತಕ ಶಿವಗಾಮಿಯ ಮೊಣಕಾಲಿನ ಪಕ್ಕದಲ್ಲೇ ಇತ್ತು. ಜನವರಿ ಹತ್ತೊಂಬತ್ತು. ಅವಳು ಅದರ ಮೇಲೆ ಅಂಗೈ ಇಟ್ಟುಕೊಂಡಳು. ಲಿಂಗಸಾಮಿ ದೇವರಾಜನ್‌ನನ್ನು ಬಸ್ಸಿಗೆ ಹತ್ತಿಸಿ ಬಂದವನು, ಆ ಕೈಯನ್ನು ಕಂಡವನು. ಅವನು ಗುಂಡಿಯೊಳಗೆ ತಲೆ ತಗ್ಗಿಸಿಕೊಂಡು ಕಾಲಿನ ಹತ್ತಿರ ಏನೋ ಹುಡುಕುತ್ತಿದ್ದ.

“ಆ ಹುಡುಗನ್ನ ಎಲ್ಲಿ ಇಟ್ಟರಂತೆ?” ಎಂದು ಕಮಲಾತಾಳ್ ಕೇಳಿದಳು.

ಉತ್ತರ ಗೋಡೆಯ ಕಡೆಯಿಂದ ಬಂತು. “ಪೋತನೂರು ದಾರೀಲಿ, ಸುಡುಗಾಡಿನ ಮೂಲೇಲಿ. ಒಂದು ಬೇವಿನ ಗಿಡ ಇದೆ.” ಸೋಮಸುಂದರಂ ಕೈ ಮುಗಿದುಕೊಂಡಿದ್ದರು. “ನಾನು ಹೋಗಿದ್ದೆ ಅಕ್ಕಾ. ಮಾರನೇ ದಿನವೇ ಹೋಗಿದ್ದೆ.”

ಕಮಲಾತಾಳ್ ಅವರನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೋ, ಹೊರಗೆ ತೆಂಗಿನ ಗರಿಯೊಂದು ಬಿದ್ದ ಸದ್ದಿಗೆ ಎಲ್ಲರೂ ಬೆಚ್ಚಿದರು.

“ನೀನು ಹೋಗಿದ್ದೆಯಾ ತಮ್ಮಾ,” ಎಂದಳು. “ಒಳ್ಳೇದಾಯ್ತು. ಯಾರೋ ಒಬ್ಬರು ಹೋದಂಗಾಯ್ತು.”

ಆಮೇಲೆ ಎದ್ದು ಸೆರಗು ಕೊಡವಿ, “ಕತ್ತರಿ ತಗೊಂಡು ಬಾ ತಮ್ಮಾ,” ಎಂದಳು.

ಅವಳ ಮನೆಯಲ್ಲಿ, ಹದಿಮೂರು ವರ್ಷದ ಪಂಚೆಯನ್ನು ಅವಳೇ ತೆಗೆದಳು. ಪಚ್ಚೆ ಬಣ್ಣ ಮೇಲೆ ಮಾಸಿತ್ತು, ಸುತ್ತಿಕೊಂಡ ಒಳಮಡಿಕೆಯಲ್ಲಿ ಹೊಸದಾಗಿಯೇ ಇತ್ತು. “ಆ ಹುಡುಗನ ಮೇಲೆ ಯಾರೂ ಬಟ್ಟೆ ಹಾಕಿರಲ್ಲ. ಇದು ಸುಮ್ಮನೆ ಬಿದ್ದಿದೆ. ಕತ್ತರಿಸು.”

“ಅಕ್ಕಾ, ಹಾಸು ಅವನದು.”

“ನನಗೆ ಗೊತ್ತಿಲ್ಲವಾ? ಕತ್ತರಿಸು ತಮ್ಮಾ.”

ಸೋಮಸುಂದರಂ ಕತ್ತರಿಸಿದರು. ಬಿಗಿದಿದ್ದ ಎಳೆಗಳು ಒಂದೊಂದೇ ಹಿಡಿ ಸಡಿಲಾಗಿ ಗುಂಡಿಯೊಳಗೆ ಇಳಿಬಿದ್ದವು. ಬಾಗಿಲಲ್ಲಿ ನಿಂತಿದ್ದ ಬೀದಿಯವರಲ್ಲಿ ಯಾರೂ ಅಳಲಿಲ್ಲ, ಅಳಲು ಅವಳು ಯಾರಿಗೂ ಎಡೆ ಕೊಟ್ಟಿರಲಿಲ್ಲ. ಮರುದಿನ ಅಪ್ಪ, ಮಗಳು ಮೊದಲ ಬಸ್ಸಿಗೆ ಹೋಗಿ ಬೇವಿನ ಮರದ ಬುಡದಲ್ಲಿ ಬಟ್ಟೆ ಹಾಸಿ, ಹಾಲು ಎರೆದು ಬಂದರು. ಗಿಡ ಆಗಲೇ ದೊಡ್ಡ ಮರವಾಗಿತ್ತು.

ಮಾರ್ಚ್ ಕೊನೆಯ ವಾರ ಶಿವಗಾಮಿ ಪ್ರಬಂಧವನ್ನು ಟೈಪು ಮಾಡಿಸಿ ಒಪ್ಪಿಸಿದಳು. ಜಯರಾಮನ್ ಪುಟ ತಿರುವಿ ಕೋಷ್ಟಕದ ಒಂದು ಸಾಲಿನಲ್ಲಿ ನಿಂತರು. ಚಂದ್ರಮಣಿ ಹಡಗು: ನೆನಪಿಟ್ಟವರು ಹತ್ತೊಂಬತ್ತು, ಪತ್ರಿಕೆಯಲ್ಲಿ ಕಂಡುಬಂದಿಲ್ಲ. ಅಷ್ಟೇ ಇತ್ತು.

“ಆ ತಾಯಿಗೆ ಹೇಳಿದೆಯಾ?”

“ಹೇಳಿದೆ ಸಾರ್. ತನ್ನ ಮಗನಲ್ಲ ಅಂದರು.”

“ನಿನ್ನ ಪುಸ್ತಕದಲ್ಲಿ ಅವರೇ ಹೇಳಿದ ಮಾತು ಇತ್ತಲ್ಲ, ಏಳು ಸುತ್ತು ಅಂತ. ನಾನೇ ನೋಡಿದ್ದೇನೆ.”

“ಇದೆ ಸಾರ್.”

“ಅದಿಲ್ಲದೆ ಇದು ಬರೀ ಕೋಷ್ಟಕ.”

“ಗೊತ್ತು ಸಾರ್.”

ಅವರು ಕೆಂಪು ಪೆನ್ನು ತೆರೆದರು, ಹಾಗೇ ಹಿಡಿದುಕೊಂಡು ಕುಳಿತರು, ಮುಚ್ಚಿದರು. ಶಿವಗಾಮಿಗೆ ಎರಡನೇ ದರ್ಜೆ ಬಂತು.

ಪರೀಕ್ಷೆ ಮುಗಿಸಿ ಬಂದಾಗ ಸೋಮಸುಂದರಂ ಮಧ್ಯಾಹ್ನದ ಓದನ್ನು ಮಗಳಿಗೆ ಬಿಟ್ಟಿದ್ದರು. ಕಣ್ಣು ಮಂಜು ಎಂದು ಎಲ್ಲರಿಗೂ ಹೇಳಿದ್ದರು. ಅವರ ಸೀರೆಯಲ್ಲಿ ಈಗ ಅವರೊಬ್ಬರದೇ ಕೈ. ಪೆರಿಯನಾಯಕನಪಾಳ್ಯದ ಒಂದು ಮಿಲ್ಲಿನ ಕಾರ್ಮಿಕ ಪತ್ರಿಕೆಯಲ್ಲಿ ಶಿವಗಾಮಿಗೆ ಕೆಲಸ ಸಿಕ್ಕಿತ್ತು. ಸೇರಲು ಇನ್ನೂ ಮೂರು ವಾರವಿತ್ತು. ಮತ್ತೆ ಆಡಿ ಬಂದಿತ್ತು. ಪತ್ರಿಕೆಯ ಮೂಲೆಗಳಿಗೆ ಕಲ್ಲು ಹೇರಿ ಅವಳು ಕುಳಿತಳು.

“ಇವತ್ತು ಕಪ್ಪಲು ಇದೆಯಾ ಅಮ್ಮಣಿ?”

ಮಗ್ಗಗಳು ನಿಲ್ಲಲಿಲ್ಲ. ಈ ಪ್ರಶ್ನೆಗೆ ಅವು ಈಗ ನಿಲ್ಲುತ್ತಿರಲಿಲ್ಲ.

“ಇಲ್ಲ ದೊಡ್ಡಮ್ಮ.”

“ಇರಲಿ. ದೂರ ತಾನೆ.”

ಕಮಲಾತಾಳ್ ರಾಟೆ ತಿರುಗಿಸಲು ಬಲಗೈ ಚಾಚಿದಳು. ಸೆರಗು ಸರಿದು ಮಣಿಕಟ್ಟು ಕಂಡಿತು. ಕತ್ತರಿಸಿದ ಹಾಸಿನ ಎಳೆಗಳನ್ನು ಅವಳು ಅಲ್ಲಿ ಸುತ್ತಿಕೊಂಡಿದ್ದಳು, ಪಚ್ಚೆ ಒಂದು, ಅರಿಶಿನ ಒಂದು. ಎಣಿಸಬಾರದು ಎಂದುಕೊಳ್ಳುತ್ತಲೇ ಶಿವಗಾಮಿ ಎಣಿಸಿಬಿಟ್ಟಿದ್ದಳು.

ಏಳು.

ಗಾಳಿಗೆ ಎದ್ದ ಹಾಳೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಅವಳು ಮುಂದಿನ ಸುದ್ದಿ ಓದಿದಳು.